ಸೋದರತ್ತೆಯ ಎಡ ಮುಂಗೈ

ಔಡಲೆಣ್ಣೆ ತೆಗೆಯುವ ದಿನ ನಮ್ಮ ಮನೆಯಲ್ಲಿ ಯಾರೂ ಏನನ್ನೂ ಕೇಳುವಂತಿರಲಿಲ್ಲ. ಬೇರೆ ಕಡೆ ಇದಕ್ಕೇ ಹರಳೆಣ್ಣೆ ಎನ್ನುತ್ತಾರೆ. ಹುರಿದು ಕುಟ್ಟಿದ ಔಡಲ ಬೀಜವನ್ನು ನೀರಿಗೆ ಹಾಕಿ ಹಿತ್ತಲಿನ ಒಲೆಯ ಮೇಲೆ ಕುದಿಯಲು ಇಟ್ಟರೆ, ಹೊತ್ತು ಏರಿದ ಮೇಲೆ ಎಣ್ಣೆ ತಾನಾಗಿ ಮೇಲೆ ತೇಲುತ್ತದೆ. ಅಲ್ಲಿಯವರೆಗೆ ಹಿತ್ತಲ ಬಾಗಿಲು ಮುಂದೆ ಮಾಡಿ, ಬಾಯಿ ಮುಚ್ಚಿಕೊಂಡು ಕೂರಬೇಕು. ಎಣ್ಣೆ ಬಂತೇ ಎಂದು ಯಾರಾದರೂ ಕೇಳಿದರೋ, ಅದು ನಾಚಿಕೊಂಡು ಒಳಗೇ ಉಳಿದುಬಿಡುತ್ತದೆ ಎಂಬುದು ನನ್ನ ಸೋದರತ್ತೆಯ ಖಾತ್ರಿ.

ನಾನು ಕೇಳಿಬಿಟ್ಟೆ. ಎಪ್ಪತ್ತರ ದಶಕದ ನಡುವಿನ ಒಂದು ದೀಪಾವಳಿಯ ಮುಂದೆ, ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು, ರಾಮದುರ್ಗದ ಗಂಡನ ಮನೆಯಿಂದ ಬೈಲಹೊಂಗಲದ ತವರಿಗೆ ಚೊಚ್ಚಲ ಬಾಣಂತನಕ್ಕೆ ಬಂದಿದ್ದೆ. ಪಿಯುಸಿವರೆಗೆ ಓದಿದವಳು ನೋಡಿ, ತಲೆಯಲ್ಲಿ ಗಾಳಿ ಬೇಕಾದಷ್ಟಿತ್ತು.

"ಬಂತೇನತ್ತಿ?"

ಅತ್ತೆ ಸೌಟನ್ನು ಪಾತ್ರೆಯ ಅಂಚಿಗಿಟ್ಟು ನನ್ನ ಕಡೆ ತಿರುಗಿದಳು. "ಕೇಳಬ್ಯಾಡ ಅಂದಿದ್ನಿಲ್ಲ? ಯಾವಾಗ ಬರಬೇಕಂತ ಅದಕ್ಕ ಗೊತ್ತೈತಿ. ನೀ ಕರದಕೂಡ್ಲೆ ಓಡಿ ಬರಾಕ ಅದೇನು ನಿನ್ನ ಗಂಡನೇನು?"

ನಾನೂ ನಕ್ಕೆ, ಆಯಿಯೂ ನಕ್ಕಳು. ಆಯಿ ಎಂದರೆ ನಮ್ಮಪ್ಪನ ತಾಯಿ. ಅತ್ತೆ ಅವಳ ಮಗಳು. ನನ್ನ ಅವ್ವ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದಳು. ಹೀಗಾಗಿ ಆ ಮನೆಯಲ್ಲಿ ನನ್ನ ಬಾಣಂತನಕ್ಕೆ ಇದ್ದ ಹೆಂಗಸರು ಇವರಿಬ್ಬರೇ.

ಎಣ್ಣೆ ಬಂತು. ಅತ್ತೆ ಅದನ್ನು ಸೌಟಿನ ತುದಿಯಿಂದ ಮೆಲ್ಲಗೆ ಎತ್ತಿ ಬೇರೆ ಪಾತ್ರೆಗೆ ಹಾಕಿ ಮತ್ತೆ ಕಾಯಲು ಇಟ್ಟಳು. ಅದರಲ್ಲಿ ಉಳಿದ ನೀರಿನಂಶ ಚಟಚಟ ಎನ್ನುತ್ತಿತ್ತು. ಅವಳು ಕತ್ತು ಓರೆ ಮಾಡಿ ಕೇಳುತ್ತ ಕೂತಳು. ಸದ್ದು ಸಣ್ಣದಾಯಿತು, ನಿಂತಿತು. ನಾನು ಇಳಿಸುತ್ತಾಳೆ ಎಂದುಕೊಂಡೆ. ಅವಳು ಇಳಿಸಲಿಲ್ಲ. ಇನ್ನೊಂದಿಷ್ಟು ಹೊತ್ತು ಹಾಗೇ ಕೂತು ಆಮೇಲೆ ಥಟ್ಟನೆ ಇಳಿಸಿದಳು. "ಈಗ ಹೋತು ನೋಡು ಕಡೀ ಹನಿ," ಎಂದಳು. ನೀರು ಉಳಿದರೆ ಎಣ್ಣೆ ತಿಂಗಳಲ್ಲಿ ಮುಗ್ಗುತ್ತದೆ, ಹೆಚ್ಚು ಕಾದರೆ ಎಳೆಗೂಸಿನ ಮೈಗೆ ಉರಿಯಾಗುತ್ತದೆ. ಆ ಎರಡರ ನಡುವಿನ ಗಳಿಗೆಯನ್ನು ಅವಳ ಕಿವಿ ಹಿಡಿಯುತ್ತಿತ್ತು. ನನ್ನ ಕಿವಿಗೆ ಒಲೆಯ ಸದ್ದಿನ ಹೊರತು ಏನೂ ಬಿದ್ದಿರಲಿಲ್ಲ.

ಅತ್ತೆಗೆ ಓದು ಬರುತ್ತಿರಲಿಲ್ಲ, ತಕ್ಕಡಿ ಬೇಕಾಗುತ್ತಿರಲಿಲ್ಲ. ಕೂಸಿಗೆ ಹಚ್ಚುವ ಹಿಟ್ಟಿಗೆ ಹೆಸರುಕಾಳು, ಕಡಲೆಬೇಳೆ, ನೆರಳಲ್ಲಿ ಒಣಗಿಸಿದ ಗುಲಾಬಿ ಪಕಳೆ, ಚಿಟಿಕೆ ಕಸ್ತೂರಿ ಅರಿಷಿಣ ಸೇರಿಸಿ ಬೀಸುವ ಕಲ್ಲಿನಲ್ಲಿ ಬೀಸುತ್ತಿದ್ದಳು. ಅದನ್ನು ತನ್ನದೇ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಮೂರು ಸಲ ಸೋಸುತ್ತಿದ್ದಳು. ಮೂರನೆಯ ಸಲಕ್ಕೆ ಅದು ಬಟ್ಟೆಯಿಂದ ಕೆಳಗೆ ಬೀಳುವುದೇ ಕಾಣುತ್ತಿರಲಿಲ್ಲ, ಕೆಳಗಿಟ್ಟ ಪರಾತದಲ್ಲಿ ಮಾತ್ರ ರಾಶಿ ಬೆಳೆಯುತ್ತಿತ್ತು. ಬಾಣಂತಿಯ ಹಿಟ್ಟು ಬೇರೆ, ತುಸು ತರಿ, ಅದಕ್ಕೆ ಮೆಂತ್ಯ ಮತ್ತು ಒಣಗಿದ ಬೇವಿನ ಎಲೆ. ಇನ್ನು ಕಾಡಿಗೆ. ಔಡಲೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿದರೆ, ದೀಪ ಉರಿದು ಮುಗಿಯುವ ಹೊತ್ತಿಗೆ ಉಗುರಿನಷ್ಟು ಕಪ್ಪು ಕೂಡುತ್ತಿತ್ತು. ಅದನ್ನು ತೊಳೆದ ಬೆಣ್ಣೆಯಲ್ಲಿ ಅರೆದು ಡಬ್ಬಿಗೆ ತುಂಬುತ್ತಿದ್ದಳು. ಸವದತ್ತಿಯಿಂದ, ಕಿತ್ತೂರಿನಿಂದ, ಚೊಚ್ಚಲ ಬಸುರಿ ಇದ್ದ ಮನೆಯವರು ಬಸ್ಸು ಹತ್ತಿ ಬಂದು ಇವನ್ನೆಲ್ಲ ಒಯ್ಯುತ್ತಿದ್ದರು.

ಆದರೆ ಎಳೆಗೂಸನ್ನು ಮಾತ್ರ ಅತ್ತೆ ಮುಟ್ಟುತ್ತಿರಲಿಲ್ಲ. ಮನೋಳಿಯ ಗಂಡನ ಮನೆಯಲ್ಲಿ ಎಂಟು ವರ್ಷ ಬಾಳಿ, ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದಾಗ ಒಂದು ಟ್ರಂಕು ಹಿಡಿದು ತವರಿಗೆ ಬಂದವಳು ಅವಳು. ಮಕ್ಕಳಿಲ್ಲದವಳ ಕೈ ಕೂಸಿಗೆ ತಾಗಬಾರದು ಎಂಬುದು ಮನೆಯ ಕಟ್ಟಳೆಯಾಗಿತ್ತು. ಅದನ್ನು ಹಾಕಿದವಳು ಅವಳ ಸ್ವಂತ ತಾಯಿ, ನಮ್ಮ ಆಯಿ. ಓಣಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲಿಗೆ ಹಾಕಿದರೂ ಅತ್ತೆ ಹೊಸ್ತಿಲಾಚೆ ನಿಂತು, ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಹಣಿಕಿ ನೋಡಿ ಬರುತ್ತಿದ್ದಳು. ಚಿಕ್ಕಂದಿನಿಂದ ಅದನ್ನು ನೋಡುತ್ತ ಬೆಳೆದ ನನಗೆ ಆಯಿಯ ಮೇಲೆ ಒಳಗೊಳಗೇ ಸಿಟ್ಟಿತ್ತು.

ಚಳಿ ಬಿರುಸಾಗಿದ್ದಾಗ ನನಗೆ ಮಗಳು ಹುಟ್ಟಿದಳು. ಬೆರಳು ಕಡ್ಡಿ, ಮೈಮೇಲಿನ ಚರ್ಮ ಸಡಿಲು, ಹೊಟ್ಟು ಏಳುತ್ತಿತ್ತು. ಕೂಸಿಗೆ ಎರೆಯುವವಳು ಆಯಿ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ, ಹಿಟ್ಟು ಹಚ್ಚಿ ನೀರು ಹಾಕುತ್ತಿದ್ದಳು. ಅತ್ತೆ ನೀರು ಹದ ಮಾಡಿ, ಹಿಟ್ಟು ಕಲಸಿ, ಬಚ್ಚಲ ಬಾಗಿಲಲ್ಲಿಟ್ಟು ಹೊರಗೆ ಹೋಗಿ ಗೋಡೆಗೆ ಒರಗಿ ಕೂರುತ್ತಿದ್ದಳು. ಅಲ್ಲಿಂದಲೇ ಹೇಳುತ್ತಿದ್ದಳು: "ಕಿವಿ ಹಿಂದ ಎಣ್ಣಿ ಮುಟ್ಟಿಲ್ಲವಾ." "ನೀರ ಬಿಸಿ ಆತು, ತಣ್ಣೀರ ಕೂಡಸು." "ಈಗ ಬೋರಲ ಹಾಕು, ಆಕಿ ಬೆನ್ನ ತೋರಸಾಕ ಹತ್ತ್ಯಾಳ." ನೋಡದೆಯೇ, ಬರೀ ಕೂಸಿನ ಅಳುವಿನಿಂದ! ನಾನು ಒಳಗೆ ಕೂತು ಪರೀಕ್ಷೆ ಮಾಡುತ್ತಿದ್ದೆ. ಒಂದು ದಿನವೂ ಅವಳ ಮಾತು ತಪ್ಪಲಿಲ್ಲ. ಹೆತ್ತವಳು ನಾನು, ನನಗೆ ಆ ಅಳುಗಳೆಲ್ಲ ಒಂದೇ ತೆರನಾಗಿ ಕೇಳುತ್ತಿದ್ದವು.

ಬಾಣಂತಿಗೆ ಎರೆಯಲು ಅವಳಿಗೆ ಅಡ್ಡಿಯಿರಲಿಲ್ಲ. ಕೂಸಿನ ಸರದಿ ಮುಗಿದ ಮೇಲೆ ನನ್ನದು. ಅವಳ ಕೈ ಸೊಂಟದ ಮೇಲೆ ಇಳಿದರೆ ಎಲ್ಲೆಲ್ಲಿ ನೋವಿದೆಯೋ ಅಲ್ಲಿ ಹೋಗಿ ತಾನೇ ನಿಲ್ಲುತ್ತಿತ್ತು. ಒಂದೊಂದು ದಿನ ನನಗೆ ಕಾರಣವಿಲ್ಲದೆ ಅಳು ಬಂದುಬಿಡುತ್ತಿತ್ತು. ಅವಳು ಏನೂ ಕೇಳದೆ ತಲೆಯ ಮೇಲೆ ಇನ್ನೊಂದು ತಂಬಿಗೆ ನೀರು ಹಾಕುತ್ತಿದ್ದಳು. ಈ ಸುಖ ನನ್ನ ಮಗಳಿಗೂ ಸಿಗಲಿ ಎಂದು ಎಷ್ಟು ಸಲ ಅಂದುಕೊಂಡೆನೋ.

ಹದಿನೈದನೆಯ ದಿನಕ್ಕೆ ಕೂಸಿನ ಹಿಟ್ಟು ತಳ ಕಂಡಿತು. ಅತ್ತೆ ಹೊಸದು ಬೀಸಿ, ಸೋಸಿ, ಹಿತ್ತಾಳೆ ಡಬ್ಬಿಗೆ ತುಂಬಿ ಗೋಡೆಯ ಮಾಡದಲ್ಲಿಟ್ಟಳು. "ಮೂರ ದಿನ ಅದನ್ನ ಮುಟ್ಟಬ್ಯಾಡ್ರಿ. ಅಲ್ಲೀತನಕ ಬರೇ ಎಣ್ಣಿ ಹಚ್ಚಿ ಎರೀರಿ," ಎಂದಳು.

"ಯಾಕತ್ತಿ?"

"ತಡಿ ಅಂದ್ರ ತಡಿಯವಾ. ಎಲ್ಲಾದಕ್ಕೂ ಯಾಕ ಅಂತಿ."

ಇದೂ ಎಣ್ಣೆಯ ಹಾಗೆ, ಹಳೆಯ ಕಾಲದವರ ಒಂದು ಲಹರಿ ಎಂದು ನಾನು ತೀರ್ಮಾನಿಸಿದೆ. ಬೀಸಿದ್ದಾಯಿತು, ಸೋಸಿದ್ದಾಯಿತು, ಇನ್ನೇನು ಡಬ್ಬಿಯೊಳಗೆ ಹಿಟ್ಟು ಮುಹೂರ್ತ ಕಾಯುತ್ತದೆಯೇ? ಮರುದಿನ ಅತ್ತೆ ಔಡಲ ತರಲು ಸಂಪಗಾಂವದ ಹೊಲಕ್ಕೆ ಹೋಗಿದ್ದಳು. ನಾನು ಡಬ್ಬಿಯಿಂದ ಒಂದು ಹಿಡಿ ತೆಗೆದು ಕಲಸಿ, "ಅತ್ತಿ ಕೊಟ್ಟಾಳ," ಎಂದು ಆಯಿಗೆ ಕೊಟ್ಟೆ. ಎಷ್ಟು ಸರಾಗವಾಗಿ ಸುಳ್ಳು ಹೇಳಿದೆ!

ಮರುದಿನ ಬೆಳಿಗ್ಗೆ ತಲೆಗೆ ಕಟ್ಟಿದ ಕುಲಾಯಿ ಬಿಚ್ಚಿದರೆ ಕೂಸಿನ ಕುತ್ತಿಗೆಯ ಮಡಿಕೆ ಕೆಂಪಾಗಿ ಹಸಿಹಸಿಯಾಗಿತ್ತು. ಕಂಕುಳು, ತೊಡೆಸಂದಿ, ಎಲ್ಲ ಕಡೆ ಹಾಗೇ. ಬಟ್ಟೆ ತಾಗಿದರೆ ಚೀರುತ್ತಿದ್ದಳು. ನಾನು ಅವಳನ್ನೆತ್ತಿಕೊಂಡು ಹಿತ್ತಲಿಗೆ ಓಡಿದೆ. ಅತ್ತೆ ಔಡಲ ಕಾಯಿ ಹರಡುತ್ತಿದ್ದಳು. "ಅತ್ತಿ, ನಾ ಹೊಸಾ ಹಿಟ್ಟ ಹಚ್ಚಿಸಿಬಿಟ್ನಿ," ಎಂದು ಕೂಸಿನ ಕುತ್ತಿಗೆ ತೋರಿಸಿದೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ತನ್ನ ಎಡಗೈಯನ್ನು ಮುಂದೆ ಚಾಚಿ ಮೇಲುಮುಖ ಮಾಡಿದಳು. ಮೊಣಕೈಯ ಕೆಳಗೆ, ಮುಂಗೈಯ ಒಳಮೈಯಲ್ಲಿ, ವೀಳ್ಯದೆಲೆಯಷ್ಟು ಅಗಲ ಅದೇ ಕೆಂಪು, ಅದೇ ಹಸಿ.

"ನಂಗೂ ಎದ್ದೈತಿ ನೋಡು. ಅರಿಷಿಣ ಈ ಸಲ ಹೊಸಾ ಕಡೆಯಿಂದ ತಂದಿದ್ನಿ, ಅದು ಸರಿ ಇಲ್ಲ. ಇವತ್ತ ಚೆಲ್ಲಬೇಕಂತ ಮಾಡಿದ್ನಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಈ ಎರಡು ದಿನ ಹಿಟ್ಟು ಡಬ್ಬಿಯಲ್ಲಿ ಸುಮ್ಮನೆ ಕೂತಿರಲಿಲ್ಲ. ಅದು ಅವಳ ಕೈಮೇಲಿತ್ತು. ಪ್ರತಿ ಸಲದ ಹಿಟ್ಟು, ಪ್ರತಿ ಒಬ್ಬೆಯ ಎಣ್ಣೆ, ಪ್ರತಿ ಡಬ್ಬಿ ಕಾಡಿಗೆಯನ್ನು ಮೊದಲು ಅಲ್ಲಿ ಹಚ್ಚಿಕೊಂಡು ಮೂರು ದಿನ ನೋಡುತ್ತಿದ್ದಳು. ತುರಿಕೆ, ಉರಿ, ಕೆಂಪು ಏನೂ ಇಲ್ಲವೆಂದರೆ ಮಾತ್ರ ಅದು ಮನೆಯಿಂದ ಹೊರಬೀಳುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಅವಳ ತಾಯಿಗೂ ಗೊತ್ತಿರಲಿಲ್ಲ.

"ನಿನ್ನ ಮೈ ಮ್ಯಾಲ ಯಾಕ ನೋಡ್ಕೋತಿದ್ದಿ ಅತ್ತಿ?"

"ಮತ್ತ ಕೂಸಿನ ಮೈ ಮ್ಯಾಲ ನೋಡಾಕ ಆಗತೈತೇನು? ನಂದೊಂದು ಮೈ ಇತ್ತು, ನೋಡಿದ್ನಿ."

ನಾನು ಆ ಕೈ ಹಿಡಿದುಕೊಂಡೆ. ಅಂಗೈ ಬೀಸುವ ಕಲ್ಲಿನ ಗೂಟ ಹಿಡಿದು ಜಡ್ಡುಗಟ್ಟಿತ್ತು, ಬೆರಳ ತುದಿಗಳು ಬಿಸಿ ಎಣ್ಣೆ ಸಿಡಿದು ಕಲೆಯಾಗಿದ್ದವು. ಬಲ ಮುಂಗೈ ಐವತ್ತು ದಾಟಿದ ಎಲ್ಲ ಹೆಂಗಸರ ಹಾಗೆ ಒಣಗಿ ಗೀರುಬಿದ್ದಿತ್ತು. ಎಡ ಮುಂಗೈಯ ಒಳಮೈ ಮಾತ್ರ, ಆ ಕೆಂಪಿನ ಸುತ್ತ, ನನ್ನ ಹದಿನೇಳು ದಿನದ ಮಗಳ ಕೆನ್ನೆಯಷ್ಟು ನುಣುಪಾಗಿತ್ತು. ಸುಳ್ಳಲ್ಲ, ನಾನು ಒಂದು ಕೈಯಿಂದ ಅದನ್ನೂ ಇನ್ನೊಂದರಿಂದ ಇದನ್ನೂ ಮುಟ್ಟಿ ನೋಡಿದೆ. ಇಪ್ಪತ್ತೈದು ವರ್ಷ ಊರ ಕೂಸುಗಳ ಎಣ್ಣೆ ಕುಡಿದ ಚರ್ಮ ಅದು.

ಆಯಿಯ ಮುಂದೆ ನನ್ನ ಸುಳ್ಳನ್ನು ಒಪ್ಪಿಕೊಂಡೆ. ಅವಳು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಕೂಸಿನ ಆ ಮಡಿಕೆಗಳನ್ನು ದಿನಾ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒತ್ತಿ ಒರೆಸಿ, ಹಳೆಯ ಕೊಬ್ಬರಿ ಎಣ್ಣೆ ಹಚ್ಚಬೇಕು, ಬೇರೆ ಏನೂ ಬೇಡ ಎಂದಳು ಅತ್ತೆ. ಆದರೆ ಆಯಿಯ ಗಂಟುಗಂಟು ಬೆರಳುಗಳು ಚಳಿಗೆ ಸೆಟೆದುಕೊಂಡಿದ್ದವು, ಅಂಗೈ ಒರಟು. ಅವಳು ಮುಟ್ಟಿದರೆ ಕೂಸು ಉಸಿರುಗಟ್ಟಿ ನೀಲಿಯಾಗುವಷ್ಟು ಅಳುತ್ತಿತ್ತು. ನಾನು ಮುಟ್ಟಲು ಹೋದರೆ, ಅದು ಚೀರಿದೊಡನೆ ಕೈ ಹಿಂದೆ ತೆಗೆದುಬಿಡುತ್ತಿದ್ದೆ. ಎರಡು ದಿನದಲ್ಲಿ ಕೆಂಪು ಇಳಿಯುವ ಬದಲು ಸೀಳತೊಡಗಿತು. ಕೂಸು ಹಾಲು ಕುಡಿಯುವುದನ್ನು ಕಡಿಮೆ ಮಾಡಿತು.

ಮೂರನೆಯ ದಿನ ಬಚ್ಚಲಲ್ಲೇ ನಿಂತು ಹೇಳಿಬಿಟ್ಟೆ. "ಅತ್ತಿ ಎರೀಲಿ."

ಆಯಿ ಕೂಸನ್ನು ನನ್ನ ಕೈಗೆ ಕೊಟ್ಟಳು. ಸಿಟ್ಟಾಗುತ್ತಾಳೆ ಎಂದುಕೊಂಡರೆ, ಚಾಚಿದ ಕಾಲು ಮಡಚಿ ಸೆರಗಿನಿಂದ ಕೈ ಒರೆಸಿಕೊಂಡಳು. "ಆಕಿ ಕೈ ಕೆಟ್ಟದ್ದಂತ ನಾ ಹೇಳಿನೇನು? ನೀ ಹುಟ್ಟೂಕಿಂತ ಮೊದಲ ಬಾಜೂ ಮನಿ ಕೂಸಿಗೆ ಆಕಿನ ಎರೀತಿದ್ಲು. ಅದು ಜ್ವರಾ ಬಂದು ತೀರಿಹೋತು. ಓಣಿ ಮಂದಿ ಎಲ್ಲಾ ಆಕಿ ಕೈ ನೋಡಿದ್ರು. ಆಕಿ ಆರ ತಿಂಗಳ ಮನಿ ಹೊರಗ ಬರಲಿಲ್ಲವಾ. ಇನ್ನೊಮ್ಮಿ ಹಂಗ ಯಾರರೆ ನೋಡಿದ್ರ ನನ್ನ ಮಗಳು ಉಳಿಯೂದಿಲ್ಲ. ಅದಕ್ಕ ಮುಟ್ಟಬ್ಯಾಡ ಅಂದ್ನಿ."

ಇಷ್ಟು ವರ್ಷ ಆಯಿಯ ಮೇಲೆ ಕೂಡಿಟ್ಟ ಸಿಟ್ಟನ್ನು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ. ಕಟ್ಟಳೆಯೆಂದು ನಾನು ತಿಳಿದದ್ದು ಒಬ್ಬ ತಾಯಿಯ ಹೆದರಿಕೆಯಾಗಿತ್ತು.

ಅತ್ತೆ ಹೊಸ್ತಿಲಾಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೈಗಳು ಆಗಲೇ ಸೆರಗಿನೊಳಗೆ ಹೋಗಿದ್ದವು. "ನನ್ನ ಕೈ ಬ್ಯಾಡವಾ," ಎಂದು ಹಿಂದೆ ಸರಿದಳು. "ನಿನ್ನ ಮಗಳಿಗೆ ಏನರೆ ಆದ್ರ?"

"ಈ ಓಣಿಯಾಗ ಯಾವ ಕೂಸಿಗರೆ ನಿನ್ನ ಕೈ ಮುಟ್ಟಿಲ್ಲ, ತೋರಸು," ಎಂದೆ. "ಅವಕ್ಕೆಲ್ಲಾ ಹಚ್ಚಿದ್ದು ಮೊದಲ ಎಲ್ಲಿತ್ತು? ನಿನ್ನ ಕೈ ಮ್ಯಾಲ ಇತ್ತಿಲ್ಲ? ಅವೆಲ್ಲಾ ಬೆಳದು ಸಾಲಿಗೆ ಹೋಗಾಕ ಹತ್ತ್ಯಾವು. ಲಗ್ನಾನೂ ಆಗ್ಯಾವು. ಇಕಾ, ನಾನೂ ಅದರಾಗ ಒಬ್ಬಾಕಿ ಇದ್ದೇನಿ."

ಅವಳು ಬಾಯಿ ತೆರೆಯುವುದರೊಳಗೆ ಅವಳ ಎಡಗೈಯನ್ನು ಸೆರಗಿನಿಂದ ಹೊರಗೆಳೆದು, ಅದನ್ನೇ ಹಿಡಿದು ಅವಳನ್ನು ಬಚ್ಚಲೊಳಗೆ ತಂದು, ಕೂಸನ್ನು ಆ ಮುಂಗೈಯ ಮೇಲೆ ಮಲಗಿಸಿಬಿಟ್ಟೆ. ಕೈ ಹಿಂದೆ ತೆಗೆದರೆ ಕೂಸು ಬೀಳುತ್ತಿತ್ತು; ಅವಳು ತೆಗೆಯಲಾರಳು ಎಂದು ನನಗೆ ಗೊತ್ತಿತ್ತು. ಅವಳ ಕೆಂಪಿನ ಪಕ್ಕದಲ್ಲಿ ಕೂಸಿನ ಕೆಂಪು ಕುತ್ತಿಗೆ ಬಂದು ಕೂತಿತು. ಅತ್ತೆಯ ಕೈ ಅಲುಗಲಿಲ್ಲ.

ಆಯಿ ಗೋಡೆ ಹಿಡಿದು ಎದ್ದಳು. ಇಬ್ಬರನ್ನೂ ಒಂದು ಸಲ ನೋಡಿ, ನನ್ನ ರಟ್ಟೆ ಹಿಡಿದು ಹೊರಗೆ ಕರೆತಂದು, ಬಚ್ಚಲ ಬಾಗಿಲು ಮುಂದೆ ಮಾಡಿ ಅದಕ್ಕೆ ಬೆನ್ನು ಕೊಟ್ಟು ಕೂತಳು. ಒಳಗೆ ಕೂಸಿನ ಅಳು ಏರಿತು. ನಾನು ಎದ್ದೆ, ಆಯಿ ಕೂರಿಸಿದಳು. ತಂಬಿಗೆಯಿಂದ ನೀರು ನೂಲಿನಂತೆ ಇಳಿಯುವ ಸದ್ದು, ನಡುವೆ ಅತ್ತೆಯ ಗೊಣಗು, ಮತ್ತೆ ನೀರು. ಅಳು ಸಣ್ಣದಾಯಿತು. ಬಿಕ್ಕಾಯಿತು. ಆಮೇಲೆ ಬರೀ ನೀರಿನ ಸದ್ದು ಉಳಿಯಿತು. ಆಯಿ ಕತ್ತು ಓರೆ ಮಾಡಿ ಕೇಳುತ್ತಿದ್ದಳು, ಥೇಟು ತನ್ನ ಮಗಳ ಹಾಗೆ.

ಅಷ್ಟರಲ್ಲಿ ಎದುರು ಮನೆಯಾಕೆ ಮೊಸರಿಗೆಂದು ಬಟ್ಟಲು ಹಿಡಿದು ಬಂದಳು. ಆಯಿ ಹೊರಗೆ, ನಾನು ಹೊರಗೆ, ಒಳಗೆ ನೀರಿನ ಸದ್ದು. ಅವಳ ಹುಬ್ಬು ಮೇಲೇರಿತು.

"ಇದೇನ್ರೀ, ಕೂಸಿಗೆ ಒಳಗ ಯಾರ ಎರ್ಯಾಕ ಹತ್ತ್ಯಾರ?"

ಆಯಿ ಬಾಗಿಲಿಗೆ ಕೊಟ್ಟ ಬೆನ್ನು ತೆಗೆಯಲಿಲ್ಲ.

"ಏನೂ ಕೇಳಬ್ಯಾಡ," ಎಂದಳು. "ಬಾಯಿ ಮುಚ್ಚಿಕೊಂಡು ಇಲ್ಲಿ ಕುಂದರ."

ಎದುರು ಮನೆಯಾಕೆ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಪಕ್ಕದಲ್ಲಿ ಕೂತಳು.