ಕೊಕ್ಕೆಗೆ ಎಟುಕುವ ಗೂಡು

ಜಯನಗರದಲ್ಲಿ ಬೆಳಬೆಳಗ್ಗೆ ಸೈಕಲ್ ತುಳಿಯುವವರಿಗೆ ಒಂದು ಗುಟ್ಟು ಗೊತ್ತಿರುತ್ತದೆ. ಆ ಹೊತ್ತಿನಲ್ಲಿ ಸಭ್ಯರೆಲ್ಲ ಹೂಗಳ್ಳರು. ವಾಕಿಂಗ್ ಹೊರಟ ಅಂಕಲ್, ಆಂಟಿಯರ ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರ್, ಇನ್ನೊಂದರಲ್ಲಿ ಕೊಕ್ಕೆ ಕೋಲು. ಕಾಂಪೌಂಡಿನಿಂದ ಆಚೆ ಬಾಗಿದ ಕೊಂಬೆಯ ಹೂವು ದೇವರದ್ದು ಎಂಬುದು ಅವರ ಕಾನೂನು. ಅದನ್ನು ನೋಡುವುದೇ ನನಗೊಂದು ಮೋಜು.

ತಿಲಕ್ ನಗರದ ಕಡೆ ತಿರುಗುವ ರಸ್ತೆಯಲ್ಲಿ ಕೆಂಪು ದಾಸವಾಳದ ಮನೆಯೊಂದಿದೆ. ಈ ಶ್ರಾವಣದಲ್ಲಿ ಒಂದು ದಿನ, ಹೊರಗೆ ಬಾಗಿದ ಕೊಂಬೆಯಲ್ಲಿ ಕಸದ ಉಂಡೆಯಂಥದ್ದೇನೋ ತೂಗುತ್ತಿತ್ತು. ಬ್ರೇಕ್ ಹಾಕಿದೆ. ನಾರು, ಜೇಡರಬಲೆ, ಬಸ್ ಟಿಕೆಟ್ಟಿನ ಚೂರು, ಪಕ್ಕದಲ್ಲೊಂದು ತೂತು. ತೂತಿನಲ್ಲಿ ಎರಡು ಹಳದಿ ಬಾಯಿಗಳು ತೆರೆದುಕೊಂಡವು. ಸೂರಕ್ಕಿಯ ಗೂಡು! ಖುಷಿಗೆ ಕುಣಿಯುವಂತಾಯಿತು. ಮರುಕ್ಷಣವೇ ನೆನಪಾಯಿತು. ನಾಳೆ ವರಮಹಾಲಕ್ಷ್ಮಿ ಹಬ್ಬ. ಯಾರಾದರೂ ಕೊಕ್ಕೆ ಹಾಕಿ ಕೊಂಬೆ ಜಗ್ಗಿದರೆ ಮರಿಗಳ ಕತೆ ಮುಗಿಯಿತು.

ಅಷ್ಟರಲ್ಲಿ ಗೇಟು ತೆರೆದು ಮನೆಯ ಆಂಟಿ ಹೊರಬಂದರು.

"ದಿನಾ ಹೂ ಕೀಳೋದು ನೀವೇನಾ?"

ನಾನು ಗೂಡಿನತ್ತ ಕೈ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. ತಾಯಿಹಕ್ಕಿ ಬಂದು ತುತ್ತಿಟ್ಟು ಹಾರಿತು. ಕಳ್ಳತನದ ವಿಚಾರ ಇಬ್ಬರಿಗೂ ಮರೆತೇಹೋಯಿತು. ಕೊಂಬೆಗೆ ಬಟ್ಟೆ ಸುತ್ತೋಣವೆಂದೆ, ಹಕ್ಕಿ ಹೆದರುತ್ತದೆ ಎಂದರು. ಬೋರ್ಡ್ ಹಾಕೋಣವೆಂದೆ. ಹೂ ಕೀಳಬೇಡಿ ಎಂಬ ಬೋರ್ಡು ಆಗಲೇ ಇದೆ, ಜನ ಅದಕ್ಕೇ ಕೋಲು ಒರಗಿಸಿ ಸುಧಾರಿಸಿಕೊಳ್ಳುತ್ತಾರೆ ಎಂದು ನಕ್ಕರು.

ಹಬ್ಬದ ದಿನ ನಸುಕಿನಲ್ಲೇ ಹೊರಟೆ. ದೂರದಿಂದಲೇ ಆ ಗೇಟಿನ ಮುಂದೆ ಗುಂಪು ಕಂಡಿತು, ಗುಂಪಿನ ಮೇಲೆ ಕೊಕ್ಕೆಗಳು. ಎಲ್ಲ ಮುಗಿದೇಹೋಯಿತು ಎಂದುಕೊಂಡು, ಸೀಟಿನಿಂದ ಎದ್ದು ನಿಂತು ತುಳಿದೆ.

ಕಾಂಪೌಂಡ್ ಗೋಡೆಯ ಮೇಲೆ ಬುಟ್ಟಿ ತುಂಬ ದಾಸವಾಳ! ಒಳಗಿನ ಹೂಗಳನ್ನೆಲ್ಲ ಆಂಟಿ ತಾವೇ ಕಿತ್ತು ಇಟ್ಟಿದ್ದರು. ಹೂಗಳ್ಳರು ಸಾಲಾಗಿ ನಿಂತು ಸಂಕೋಚದಿಂದ ತೆಗೆದುಕೊಳ್ಳುತ್ತಿದ್ದರು. ಕದ್ದು ರೂಢಿಯಾದವರಿಗೆ ಕೊಟ್ಟದ್ದನ್ನು ಇಸಿದುಕೊಳ್ಳಲು ಕೈ ಬರುತ್ತಿರಲಿಲ್ಲ. ಒಬ್ಬ ಅಂಕಲ್ ಅಂತೂ ಗೂಡಿನ ಬಳಿ ಸುಳಿದ ಕಾಗೆಯನ್ನು ತಮ್ಮ ಕೊಕ್ಕೆಯಿಂದ ಓಡಿಸುತ್ತಿದ್ದರು. ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು.

ಬುಟ್ಟಿ ಖಾಲಿಯಾಯಿತು. ನಿಮ್ಮ ಪೂಜೆಗೆ ಹೂವು ಉಳಿಯಲಿಲ್ಲವಲ್ಲ ಎಂದೆ. ಆಂಟಿ ಗೂಡಿನ ಕೊಂಬೆಯತ್ತ ನೋಡಿದರು. ಅಲ್ಲಿ ಮಾತ್ರ ಹೂಗಳು ಹಾಗೇ ಇದ್ದವು.

"ಅವು ಅಲ್ಲೇ ಇರ್ಲಿ. ಈ ಸಲ ಲಕ್ಷ್ಮಿ ಗೇಟಿನ ಹತ್ರಾನೇ ಕೂತಿದ್ದಾಳೆ."

ಒಳಗೆ ಹೋಗಿ ಆರತಿ ತಟ್ಟೆ ತಂದು, ಹಕ್ಕಿ ಬೆದರದಷ್ಟು ದೂರ ನಿಂತು, ಕೊಂಬೆಗೆ ಬೆಳಗಿದರು.