ವೆಂಡೆಲನ ಎಂಟು ನಿಮಿಷ

ತೀಸಾ ಹೊಳೆಯ ಈ ದಡದಲ್ಲಿ ಗಂಡು ಹಂದಿಮರಿಗಳ ಬೀಜ ತೆಗೆಯಲು ವೆಂಡೆಲನನ್ನೇ ಕರೆಯುತ್ತಿದ್ದರು. ಬಾಯಿತುಂಬ ಪ್ಲಮ್ ಸಾರಾಯಿ ತುಂಬಿಕೊಂಡು, ಮರಿಯನ್ನು ತಲೆಕೆಳಗಾಗಿ ಮಂಡಿಗಳ ನಡುವೆ ಇರುಕಿ, ಎರಡು ಗೀರು ಎಳೆದು, ಹಿಂಡಿ ಕಿತ್ತು, ಬಾಯಲ್ಲಿದ್ದದ್ದನ್ನು ಗಾಯದ ಮೇಲೆ ಉಗಿಯುವನು. ಒಂದೇ ಉಸಿರಿನ ಕೆಲಸ. ಒಂದೇ ಉಸಿರಿನಲ್ಲಿ ಮುಗಿಯದಿದ್ದರೆ, ಕೆಲಸ ಕೆಟ್ಟಿತೆಂದು ನಾಚಿ ಆ ಮನೆಯಲ್ಲಿ ಊಟ ಮಾಡುತ್ತಿರಲಿಲ್ಲ. ಅಂಥದ್ದು ನಲವತ್ತು ವರ್ಷದಲ್ಲಿ ಎರಡೇ ಸಲ. ಚೀರಾಟ ಕೇಳಿ ಕೇಳಿ ಎಡಗಿವಿ ಹೋಗಿತ್ತು.

ಹೋದ ವರ್ಷ ಪಶುವೈದ್ಯೆ ಪಿರೋಷ್ಕಾ ನನ್ನ ಕೊಟ್ಟಿಗೆಗೆ ಬಂದು ಮರಗಟ್ಟಿಸುವ ಮದ್ದು ಕೊಟ್ಟಳು. ಬೀಜಕ್ಕೆ ಚುಚ್ಚಿ ಎಂಟು ನಿಮಿಷ ಕಾಯಬೇಕು, ಆಮೇಲೆ ಕತ್ತಿ.

"ಎಂಟು ನಿಮಿಷ ಏನ್ ಮಾಡ್ಲೋ ಗಾಷ್ಪಾರ್? ಹಂದಿಗೆ ಜೋಗುಳ ಹಾಡ್ಲಾ?" ಎಂದ ವೆಂಡೆಲ್.

"ಬಾಯ್ಮುಚ್ಕೊಂಡು ಕೂತ್ಕೊ. ಆಗಲ್ಲಾಂದ್ರೆ ನಾಳೆಯಿಂದ ಈ ಬಾಗ್ಲು ತುಳೀಬೇಡ," ಎಂದೆ ನಾನು.

ಬೇರೆಯವರೆಲ್ಲ ಪಶುವೈದ್ಯೆಯನ್ನೇ ಕರೆಯತೊಡಗಿದ್ದರು, ಅವನನ್ನು ಕರೆಯುವ ಕೊಟ್ಟಿಗೆ ಉಳಿದಿದ್ದು ನನ್ನದೊಂದೇ. ಒಪ್ಪಿಕೊಂಡ. ಆದರೆ ಕಾಯುವುದು ಅವನ ಮೈಯಲ್ಲೇ ಇರಲಿಲ್ಲ. ಎಡಗೈಯಲ್ಲಿ ಸೂಜಿ, ಬಲಗೈಯಲ್ಲಿ ಕತ್ತಿ. ಚುಚ್ಚಿದ, ಕೊಯ್ದ. ಆರು ದಿನದ ಮರಿ ಹಿಂದೆಂದೂ ಕೇಳದ ಹಾಗೆ ಕಿರುಚಿತು. ಎರಡನೆಯದೂ ಹಾಗೇ.

"ಕಾಯೋ ಮುದುಕ."

ಸಾರಾಯಿ ಉಗಿದು ಹೇಳಿದ, "ಚುಚ್ಚಿದೀನಲ್ಲ, ಇನ್ನೇನ್ ಬೇಕು? ನೋವಿಲ್ಲ ಅದಕ್ಕೆ. ಬರೀ ನಾಟ್ಕ."

ಮೂರನೆಯದಕ್ಕೆ ಒಂದು ಗೀರು ಎಳೆಯುತ್ತಿದ್ದಂತೆ ನಾನು ಅವನ ಮಣಿಕಟ್ಟು ತಿರುಚಿದೆ. ಅವನ ಮೊಣಕೈ ನನ್ನ ಮೂಗಿಗೆ ಬಿತ್ತು. ರಕ್ತ ಕಂಡದ್ದೇ ನನಗೆ ತಲೆ ಕೆಟ್ಟಿತು. ಅವನ ದವಡೆಗೆ ಗುದ್ದಿದೆ. ಅರ್ಧ ಕೊಯ್ದ ಮರಿ ನಮ್ಮಿಬ್ಬರ ನಡುವೆ ನೇತಾಡುತ್ತ ಅರಚುತ್ತಿತ್ತು. ತಾಯಿಹಂದಿ ಹಲಗೆ ಮುರಿದುಕೊಂಡು ಬಂದದ್ದು ನಮಗೆ ಗೊತ್ತೇ ಆಗಲಿಲ್ಲ.

ಅದು ಅವನ ಬಲಗೈಯನ್ನು ಹಿಡಿಯಿತು. ಮೂಳೆ ಒಣಸೌದೆಯ ಹಾಗೆ ಮುರಿದ ಸದ್ದು. ನಾನು ಸಲಿಕೆಯಿಂದ ಅದರ ಮೂತಿಗೆ ಮೂರು ಸಲ ಬಾರಿಸಿದ ಮೇಲೆ ಬಿಟ್ಟಿತು. ಎರಡು ಬೆರಳು ಅದರ ಬಾಯಲ್ಲೇ ಉಳಿದವು.

ಆಸ್ಪತ್ರೆಯಲ್ಲಿ ಡಾಕ್ಟರು ಕೈಗೆ ಇಂಜೆಕ್ಷನ್ ಚುಚ್ಚಿ, ಆ ಕ್ಷಣವೇ ಹೊಲಿಯುವ ದಾರ ಎತ್ತಿಕೊಂಡರು. ವೆಂಡೆಲ್ ಎಡಗೈಯಿಂದ ಅವರ ಕೊರಳಪಟ್ಟಿ ಹಿಡಿದ.

"ತಡೀರಿ ಡಾಕ್ಟ್ರೇ. ಕೈ ಇನ್ನೂ ಉರೀತಿದೆ. ಇನ್ನೂ ಹತ್ತಿಲ್ಲ ಮದ್ದು."

ಗೋಡೆ ಗಡಿಯಾರ ನೋಡುತ್ತ ಕೂತ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿದ. "ಲೋ, ಆ ಮೂರು ಮರಿ..." ಎಂದು ಮತ್ತೆ ಗಡಿಯಾರದ ಕಡೆ ತಿರುಗಿದ.

ಈಗ ಕತ್ತಿ ಹಿಡಿಯುವುದು ನಾನು. ಅವನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಗಡಿಯಾರ ಹಿಡಿದು ಕೂರುತ್ತಾನೆ, ತೊಡೆಯ ಮೇಲೆ ಕೋಲು. ಇಷ್ಟು ದಿನ ಕೆಲಸ ಮುಗಿಸಿ ಹೋಗುತ್ತಿದ್ದ, ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಮೊನ್ನೆ ಗುರುವಾರ ನನಗೆ ತಾಳ್ಮೆ ಕೆಟ್ಟು ಮರಿಗೆ ಕೈ ಹಾಕಿದೆ. ಗೆಣ್ಣಿನ ಮೇಲೆ ಕೋಲು ಬಿತ್ತು. ಚರ್ಮ ಕಿತ್ತು ರಕ್ತ ಬಂತು.

"ಆರೇ ನಿಮಿಷ ಆಗಿರೋದು. ಕತ್ತಿ ಕೆಳಗಿಡು, ಕಟುಕ."

ಇಟ್ಟೆ. ಎಂಟಾದ ಮೇಲೆ ಕೊಯ್ದೆ. ಮರಿ ಕೊಸರಾಡಿತು, ಗೊಣಗಿತು, ಅಷ್ಟೆ. ಗೋಡೆಯಾಚೆ ತಾಯಿಹಂದಿ ತಿನ್ನುವುದನ್ನು ನಿಲ್ಲಿಸಲಿಲ್ಲ.

ವೆಂಡೆಲ್ ಬಲಗಿವಿಯನ್ನು ಅತ್ತ ಕೊಟ್ಟು ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ ಕೈ ತೊಳೆದು, ಕರೆಯದೆಯೇ ನಮ್ಮ ಮನೆಯ ಊಟದ ಮೇಜಿಗೆ ಬಂದು ಕೂತ.