ಖಾಲಿ ಗಾಡಿಯ ಸುತ್ತು

ಆಸ್ಪತ್ರೆಯ ಹಿಂಬದಿಯಲ್ಲಿ ಆಂಬುಲೆನ್ಸ್‌ಗಳು ನಿಲ್ಲುವ ತಗಡಿನ ಶೆಡ್ಡಿಗೆ ನಾನು ಮೊದಲ ಸಲ ಹೋದಾಗ ಅಲ್ಲಿ ಯಾರೂ ಇದ್ದಂತೆ ಕಾಣಲಿಲ್ಲ. ಆಫೀಸಿನ ಸಹಾಯಕನಾಗಿ ಕೆಲಸಕ್ಕೆ ಸೇರಿದ ದಿನ ಅದು. ನೆಲ ಆಗಷ್ಟೇ ತೊಳೆದದ್ದು, ಫಿನಾಯಿಲಿನ ವಾಸನೆ. ಇಸ್ತ್ರಿ ಮಾಡಿದ ಹೊಸ ಅಂಗಿಗೆ ಎಲ್ಲಿ ಕೊಳೆ ತಾಗೀತೋ ಎಂದು ಮೈಯೆಲ್ಲ ಮುದುಡಿಕೊಂಡು ನಿಂತಿದ್ದೆ. ಒಂದು ಗಾಡಿಯ ಹಿಂಬಾಗಿಲಿನಿಂದ ಖಾಕಿ ಅಂಗಿಯ ಹೆಂಗಸೊಬ್ಬರು ಇಳಿದರು. ಹೆಗಲ ಮೇಲೆ ಒದ್ದೆ ಬಟ್ಟೆ, ಕನ್ನಡಕಕ್ಕೆ ಕಟ್ಟಿದ ದಾರ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೊಸ ಸಾಹೇಬ್ರಾ? ಬನ್ನಿ, ಒಳಗೆ ಕೂತ್ಕೊಳ್ಳಿ" ಎಂದರು. ಹತ್ತಿ ಕೂತೆ. ಬಾಗಿಲು ಹೊರಗಿನಿಂದ ದಢಕ್ಕನೆ ಮುಚ್ಚಿಕೊಂಡಿತು.

"ಈಗ ಒಳಗಿಂದ ತೆಗೀರಿ ನೋಡೋಣ."

ತಡಕಾಡಿದೆ. ಹಿಡಿಕೆ ಮೊಣಕಾಲಿನ ಮಟ್ಟದಲ್ಲಿತ್ತು. ಬೆವರಿಳಿಸಿಕೊಂಡು ಹೊರಬಂದಾಗ ಅವರು ನಗಲಿಲ್ಲ. "ಮೇಜಿನ ಹಿಂದೆ ಕೂರೋರಿಗೂ ಇದು ಗೊತ್ತಿರ್ಬೇಕು. ಆಯ್ತು, ಪಾಸು. ಟೀ ಕುಡೀತೀರಾ?"

ಆ ಗಾಡಿಯ ಚಾಲಕಿಯಾದ ಅವರನ್ನು ಎಲ್ಲರೂ ಸೈರನಕ್ಕ ಎನ್ನುತ್ತಿದ್ದರು. ಬಾಯಿಂದಲೇ ಸೈರನ್ ಕೂಗುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ದೂರದಿಂದ ಬರುವುದು, ಪಕ್ಕದಲ್ಲೇ ಹಾದುಹೋಗುವುದು, ತಿರುವಿನಲ್ಲಿ ಕರಗುವುದು, ಎಲ್ಲವೂ ಬರುತ್ತಿತ್ತು. ಅವರ ಮಗಳು ಮಾತ್ರ, "ಅಮ್ಮಾ, ಮನೇಲಾದ್ರೂ ಸ್ವಲ್ಪ ಆಫ್ ಮಾಡು" ಎಂದು ಗೊಣಗುತ್ತಿದ್ದಳು.

ಶೆಡ್ಡಿನಲ್ಲಿ ಅವರದೊಂದು ಕಟ್ಟುನಿಟ್ಟಿತ್ತು. ಯಾವ ಚಾಲಕನಾಗಲಿ, ಹೊಸ ಬಡಾವಣೆಗೆ ಹಾಕಿದರೆ ಮೊದಲು ಖಾಲಿ ಗಾಡಿಯಲ್ಲಿ ಒಂದು ಸುತ್ತು ಹಾಕಬೇಕು. ನಿಧಾನವಾಗಿ, ಸೈರನ್ ಇಲ್ಲದೆ. ಯಾವ ಅಂಗಡಿಯ ಚಪ್ಪರ ರಸ್ತೆಗೆ ಚಾಚಿದೆ, ನಾಯಿಗಳು ಎಲ್ಲಿ ಮಲಗುತ್ತವೆ, ಶಾಲೆಯ ಮಕ್ಕಳು ಯಾವ ಗೇಟಿನಿಂದ ನುಗ್ಗುತ್ತಾರೆ, ಇಷ್ಟನ್ನು ನೋಡಿಕೊಂಡು ಬಂದ ಮೇಲೆಯೇ ರೋಗಿಯನ್ನು ಕೂರಿಸಿಕೊಳ್ಳಬೇಕು.

ಆ ವರ್ಷ ತುರ್ತು ಚಿಕಿತ್ಸಾ ಸೇವೆಯವರ ಸಮ್ಮೇಳನ ನದಿಯ ದಂಡೆಯ ಒಂದು ದೊಡ್ಡ ಊರಿನಲ್ಲಿತ್ತು. ಪ್ರತಿಸಲ ಡಾಕ್ಟರುಗಳೇ ಹೋಗಿ ಮಾತಾಡಿ ಬರುತ್ತಿದ್ದರು. ಈ ಸಲ ನಮ್ಮ ಹಿರಿಯ ಡಾಕ್ಟರಮ್ಮ ಸೈರನಕ್ಕನ ಹೆಸರು ಹೇಳಿದರು. ಮೇಲಧಿಕಾರಿ ಮೂಗು ಮುರಿಯುತ್ತಲೇ ಒಪ್ಪಿದರು. "ನೋಡೋಣ. ಇದೊಂದು ಕೆಟ್ಟರೆ ಇನ್ನೊಂದ್ಸಲ ಡ್ರೈವರ್‌ಗಳ ಹೆಸರು ಎತ್ತಬೇಡಿ."

ದಾದಿಯರಿಗೆ ಕೊಡುವ ಪ್ರಥಮ ಚಿಕಿತ್ಸೆಯ ತರಬೇತಿಯನ್ನು ಚಾಲಕರಿಗೂ ಕೊಡಿ ಎಂದು ಸೈರನಕ್ಕ ಅಲ್ಲಿ ಕೇಳಬೇಕಿತ್ತು. ಶೆಡ್ಡಿನವರೆಲ್ಲ ಅವರ ಮೇಲೆ ಆಸೆ ಇಟ್ಟಿದ್ದರು. ಮಾತಿನ ಆರಂಭ ಸೈರನ್ ಕೂಗಿನಿಂದ ಎಂದು ತೀರ್ಮಾನವಾಯಿತು. ಶೆಡ್ಡಿನಲ್ಲಿ ಕೂಗಿ ತೋರಿಸಿದಾಗ ಚಪ್ಪಾಳೆಯೋ ಚಪ್ಪಾಳೆ. ಪರದೆಯ ಚಿತ್ರಗಳನ್ನು ನಾನು ಸಿದ್ಧಮಾಡಿದೆ, ಜೊತೆಗೆ ಹೊರಟೆ.

ಒಂದು ದಿನ ಮೊದಲೇ ಹೋಗಬೇಕೆಂದು ಅವರ ಹಟ. "ಕಾಣದ ಊರಿಗೆ ಹೋಗಿ ನೆಟ್ಟಗೆ ವೇದಿಕೆ ಹತ್ತೋದಾ? ಮೊದ್ಲು ಖಾಲಿ ಗಾಡಿ ಸುತ್ತು."

ರೈಲಿನಲ್ಲಿ ಆ ಊರಿನ ಬಗ್ಗೆ ನಾನು ಓದಿಕೊಂಡದ್ದನ್ನೆಲ್ಲ ಒಪ್ಪಿಸಿದೆ. ಸೇತುವೆಗಳು, ಗಿರಣಿಗಳು, ಹಿಂದೊಮ್ಮೆ ಬಂದ ಪ್ರವಾಹ. "ಚೆನ್ನಾಗಿ ಓದಿದೀರಪ್ಪ" ಎಂದು ಅವರು ಮನಸಾರೆ ಹೇಳಿ ನಿದ್ದೆ ಹೋದರು.

ವಸತಿಗೃಹದಲ್ಲಿ ನನಗೆ ಫೋನ್ ಚಾರ್ಜ್ ಮಾಡಲು ಪ್ಲಗ್ ಸಿಗಲಿಲ್ಲ. ನೋಡಿದರೆ ತಲೆಗಿಂತ ಮೇಲೆ, ಗೋಡೆಯ ತುದಿಯಲ್ಲಿತ್ತು. "ಯಾವ ಜಿರಾಫೆ ಕಟ್ಟಿಸಿದ್ದೋ" ಎಂದು ನಕ್ಕೆ. ಅಕ್ಕ ನಗದೆ ಅದನ್ನೇ ನೋಡುತ್ತಿದ್ದರು.

ಸಿಟಿ ಬಸ್ಸಿನಲ್ಲಿ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ಮಾರುಕಟ್ಟೆಯ ಹತ್ತಿರ ಒಂದು ಟೀ ಅಂಗಡಿಯಲ್ಲಿ ಕೂತೆವು. ಅಂಗಡಿಯ ಹೆಂಗಸು ಮಾತುಗಾರ್ತಿ. ಅವರ ಅತ್ತೆ ಮೂಲೆಯ ಸ್ಟೂಲಿನ ಮೇಲೆ ಲೋಟ ಒರೆಸುತ್ತಿದ್ದರು.

"ಏನ್ ಕೆಲ್ಸ ಅಕ್ಕ ನಿಮ್ದು?"

"ಆಂಬುಲೆನ್ಸ್ ಓಡಿಸ್ತೀನಿ. ಗಾಡಿ ಕೆಟ್ಟರೆ ಸೈರನ್ನೂ ನಾನೇ." ಅಕ್ಕ ಮೆಲ್ಲಗೆ ಕೂಗಿ ತೋರಿಸಿದರು.

ಮುದುಕಿ ಲೋಟ ಕೆಳಗಿಟ್ಟರು. ಎದ್ದು, ನೆಲದ ಮೇಲಿದ್ದ ಸಕ್ಕರೆ ಚೀಲವನ್ನು ಎರಡೂ ಕೈಯಿಂದ ಎತ್ತಿ ಬೆಂಚಿನ ಮೇಲೆ ಹಾಕಿದರು. ಆಮೇಲೆ ಚಪ್ಪಲಿಗಾಗಿ ಕಾಲಾಡಿಸತೊಡಗಿದರು.

"ಅತ್ತೆ, ಏನಿಲ್ಲ, ಕೂತ್ಕೊಳ್ಳಿ. ಇವ್ರು ಸುಮ್ನೆ ಮಾಡಿದ್ದು" ಎಂದು ಸೊಸೆ ಅವರ ತೋಳು ಹಿಡಿದು ಕೂರಿಸಿ, ನಮ್ಮ ಕಡೆ ತಿರುಗಿದರು. "ಮೇಲಿನ ಅಣೆಕಟ್ಟೆ ಬಾಗಿಲು ಕಿತ್ತೋದಾಗ ಹಿಂಗೇ ಸೈರನ್ ಹಾಕಿದ್ರು. ಅದು ನಿಲ್ಲೋದ್ರೊಳಗೆ ನೀರು ಬಂದಿತ್ತು. ಮಾವ ಕೆಳಗಿನ ಕೋಣೇಲಿದ್ರು. ಅವತ್ತಿಂದ ಈ ಊರಲ್ಲಿ ಆಂಬುಲೆನ್ಸ್‌ನೋರೂ ಸೈರನ್ ಹಾಕಲ್ಲ, ಬರೀ ದೀಪ."

ಅಕ್ಕ ಹೋಗಿ ಮುದುಕಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು. "ತಪ್ಪಾಯ್ತಮ್ಮ."

"ನಿಮ್ಮೂರಲ್ಲಿ ಆ ಸದ್ದು ಕೇಳಿದ್ರೆ ಜನ ಏನ್ಮಾಡ್ತಾರೆ?"

"ದಾರಿ ಬಿಡ್ತಾರೆ."

"ಅಷ್ಟೇನಾ? ಒಳ್ಳೇ ಊರು ಬಿಡು" ಎಂದು ಮುದುಕಿ ಮತ್ತೆ ಲೋಟ ಕೈಗೆತ್ತಿಕೊಂಡರು.

ವಸತಿಗೃಹಕ್ಕೆ ಮರಳಿದ ಕೂಡಲೇ ಅಕ್ಕ, "ನೀರಿಗೆ ಹೆದರಿಯೇ ಪ್ಲಗ್ ಅಷ್ಟು ಮೇಲೆ ಹಾಕಿದಾರೆ. ಆ ಕೂಗೋದು ಬೇಡ, ತೆಗೆದ್ಬಿಡಿ" ಎಂದರು.

"ಅಕ್ಕ, ಅದಿಲ್ದಿದ್ರೆ ಮಾತು ಸಪ್ಪೆ ಆಗಲ್ವಾ? ಕೆಟ್ಟರೆ ಮುಂದೆ ಯಾರನ್ನೂ ಕಳಿಸಲ್ಲ."

"ಗೊತ್ತು ಕಣಪ್ಪ. ನಂಗೂ ಕೈಕಾಲು ಆಡ್ತಿಲ್ಲ. ಆದ್ರೆ ಆ ಸಭೇಲಿ ಇಂಥ ಅತ್ತೆಯರು ಎಷ್ಟು ಜನ ಇರ್ತಾರೋ."

ಮರುದಿನ ಅಕ್ಕ ವೇದಿಕೆ ಹತ್ತಿ ಮೈಕು ಹಿಡಿದರು. "ನಮ್ಮೂರಲ್ಲಿ ನನ್ನ ಸೈರನಕ್ಕ ಅಂತಾರೆ. ಆ ಸದ್ದು ಇಲ್ಲಿ ಮಾಡಲ್ಲ. ಯಾಕೆ ಅಂತ ಈ ಊರಿನೋರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಕಲಿಯೋಕೆ ಬಂದಿದೀನಿ. ಸದ್ದಿಲ್ದೆ ನೀವು ದಾರಿ ಹೇಗೆ ಬಿಡಿಸ್ತೀರಾ, ಯಾರಾದ್ರೂ ಹೇಳಿ."

ಪ್ರತಿನಿಧಿಗಳನ್ನು ಕರೆತಂದ ಸ್ಥಳೀಯ ಚಾಲಕರು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಅವರಲ್ಲಿ ದಪ್ಪ ಮೀಸೆಯವರೊಬ್ಬರು ಗಂಟಲು ಸರಿಮಾಡಿಕೊಂಡು, ಹೊರಡುವ ಮುನ್ನ ದಾರಿಯ ಅಂಗಡಿಯವರಿಗೆ ಫೋನ್ ಮಾಡುತ್ತೇವೆ, ಒಬ್ಬರು ಮುಂದಿನವರಿಗೆ ಹೇಳುತ್ತ ರಸ್ತೆ ತೆರವು ಮಾಡಿಕೊಡುತ್ತಾರೆ ಎಂದರು. ಇನ್ನೊಬ್ಬರು ಅದಕ್ಕೆ ಸೇರಿಸಿದರು. ಡಾಕ್ಟರುಗಳು ಕುರ್ಚಿ ತಿರುಗಿಸಿಕೊಂಡು ಕೇಳಿದರು. ಆಮೇಲೆ ಅಕ್ಕ ತರಬೇತಿಯ ವಿಷಯ ಎತ್ತಿದಾಗ ಮೊದಲು ಎದ್ದು ಬೆಂಬಲಿಸಿದವರು ಆ ಊರಿನ ಡಾಕ್ಟರುಗಳೇ. ಸಂಜೆಯ ನಿರ್ಣಯದಲ್ಲಿ ಅದು ಸೇರಿತು. ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ, ಪಕ್ಕದವರು ಕೇಳದೆಯೇ, "ನಮ್ಮ ಅಕ್ಕ" ಎಂದು ಹೇಳಿಬಿಟ್ಟೆ.

ಊರಿಗೆ ಮರಳಿದಾಗ ಮೇಲಧಿಕಾರಿ ಶೆಡ್ಡಿಗೇ ಬಂದರು. "ಮುಂದಿನ ಸಲಕ್ಕೆ ಯಾರನ್ನ ಕಳಿಸೋಣ, ನೀವೇ ಹೇಳಿ" ಎಂದು ಅಕ್ಕನನ್ನೇ ಕೇಳಿದರು.

ಸೈರನಕ್ಕ ಈಗ ಗಾಡಿ ಓಡಿಸುವುದಿಲ್ಲ. ಅದೇ ಶೆಡ್ಡಿನಲ್ಲಿ ಹೊಸ ಚಾಲಕರಿಗೆ ತರಬೇತಿ ಕೊಡುತ್ತಾರೆ, ಸಮ್ಮೇಳನಕ್ಕೆ ಹೊರಟವರನ್ನು ಒಂದು ದಿನ ಮೊದಲೇ ಕಳಿಸುತ್ತಾರೆ.